ನಲವತ್ತೊಂದು ಯಾಕೋಬುಗಳು

ಇದನ್ನು ಬರೆಯಬೇಕೆಂದು ಮೂರು ವರ್ಷಗಳಿಂದ ಅಂದುಕೊಳ್ಳುತ್ತಿದ್ದೇನೆ. ಮೊದಲ ವರ್ಷ ತೆಂಗಿಗೆ ಹುಳ ಬಿತ್ತು. ಎರಡನೆಯ ವರ್ಷ ಕಣ್ಣಿನ ಪೊರೆ ತೆಗೆಸಿದೆ. ಮೂರನೆಯ ವರ್ಷ ಯಾವ ನೆಪವೂ ಸಿಗಲಿಲ್ಲ, ಆದರೂ ಬರೆಯಲಿಲ್ಲ. ಈಗ ಎಪ್ಪತ್ತಾರು ತುಂಬಿದೆ. ಇನ್ನೂ ತಡಮಾಡಿದರೆ ಬೇರೆ ಯಾರಾದರೂ ಬರೆದುಬಿಡುತ್ತಾರೆ. ಸಭೆಯಲ್ಲಿ ಸಾಕ್ಷಿಗಳು ಇನ್ನೂರು ಜನ ಇದ್ದರು.

ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ನಮ್ಮ ಗದ್ದೆಗಳಿಗೆ ನೀರು ಬರುವುದು ಕಾಲುವೆಯಿಂದ. ಆ ಕಾಲುವೆಯ ತೂಬಿನ ಬಾಗಿಲು ಎತ್ತಿ ಇಳಿಸುವ ಸರ್ಕಾರಿ ಕೆಲಸದಲ್ಲಿ ಯಾಕೋಬು ಎಂಬುವರಿದ್ದರು. ಮೂವತ್ತು ವರ್ಷ ನಮ್ಮ ನಡುವೆ ಓಡಾಡಿ, ನಮ್ಮ ಮನೆಯ ಕನ್ನಡವನ್ನೂ ಕಲಿತು, ನಮ್ಮ ಬೈಗುಳವನ್ನು ಎರಡು ಭಾಷೆಗಳಲ್ಲಿ ತಿಂದವರು. ಅವರು ನಿವೃತ್ತರಾದಾಗ, ರೈತರೆಲ್ಲ ಸೇರಿ ಒಂದು ಶಾಲು ಹೊದಿಸಿ ಊಟ ಹಾಕೋಣವೆಂದು ತೀರ್ಮಾನಿಸಿದೆವು. ಅಭಿನಂದನಾ ಭಾಷಣ ನನ್ನ ಪಾಲಿಗೆ ಬಂತು.

ಬಂತು ಎಂದರೆ, ನಾನೇ ತೆಗೆದುಕೊಂಡೆ. ಹತ್ತನೆಯ ತರಗತಿಯ ಭಾಷಣ ಸ್ಪರ್ಧೆಯಲ್ಲಿ ಒಂದು ಸ್ಟೀಲ್ ಲೋಟ ಗೆದ್ದವನು ನಾನು. ಅಂದಿನಿಂದ ನಮ್ಮೂರಿನ ಯಾವ ಸಭೆಯಲ್ಲೂ ನನ್ನನ್ನು ಕೂರಿಸಲು ಯಾರಿಂದಲೂ ಆಗಿಲ್ಲ.

ಸಭೆಗೆ ನಾಲ್ಕು ದಿನ ಮುಂಚೆ ಯಾಕೋಬು ಮನೆಗೆ ಬಂದರು. ಜಗಲಿಯ ಅಂಚಿನಲ್ಲಿ ಕೂತು ಟೀ ಲೋಟವನ್ನು ಬಹಳ ಹೊತ್ತು ತಿರುಗಿಸಿದರು.

"ಗೌಂಡರೇ, ನೀವು ಪೇಸಿದ ಮೇಲೆ ನಂಗೂ ಎರಡು ನಿಮಿಷ ಬೇಕು."

"ಏನ್ ಮಾತಾಡ್ತೀರಿ?"

"ಮನೆಯವಳ ಬಗ್ಗೆ ನಾಲ್ಕು ಮಾತು. ಮನೇಲಿ ಹೇಳಿದ್ರೆ ಅವಳಿಗೆ ಕೇಳ್ಸಲ್ಲ, ಕಿವಿ ಮಂದ. ಮೈಕ್‌ನಾಗೆ ಹೇಳಿದ್ರೆ ಕೇಳ್ತದೆ. ಸ್ಪೀಕರ್ ಪೆಟ್ಟಿಗೆ ಪಕ್ಕದಾಗೆ ಒಂದು ಕುರ್ಚಿ ಹಾಕ್ಸಿ, ಪೋದುಂ."

ಅಷ್ಟು ಸಾಕು ಎಂದರು ಆ ಮನುಷ್ಯ. ಎರಡು ನಿಮಿಷ, ಒಂದು ಕುರ್ಚಿ. ಕುರ್ಚಿಯನ್ನು ನಾನೇ ಹಾಕಿಸುತ್ತೇನೆಂದು ಮಾತು ಕೊಟ್ಟೆ. ಹಾಕಿಸಿಯೂ ಹಾಕಿಸಿದೆ.

ನನ್ನ ಅವನತಿ ಶುರುವಾದದ್ದು ಮರುದಿನ. ದ್ರಾಕ್ಷಿ ವ್ಯಾಪಾರಿ ಯಾಕೂಬ್ ಭಾಯಿಗೆ ಈ ಸಮಾರಂಭದ ಸಂಗತಿ ಹೇಳಿದಾಗ ಅವರು, "ಅದು ನಮ್ಮ ಪೇರೂ ತಾನೇ ಗೌಂಡರೇ! ಯಾಕೂಬ್ ನಬಿ, ಯಾಕೋಬು, ಎರಡೂ ಒಬ್ಬರೇ," ಎಂದರು. ನನಗೆ ಮೈ ಜುಮ್ಮೆಂದಿತು. ದಿಂಡಿಗಲ್‌ನಲ್ಲಿ ಬೀಗದ ಅಂಗಡಿ ಇಟ್ಟಿರುವ ನನ್ನ ಹಳೆಯ ಸಹಪಾಠಿ ಯಾಗಪ್ಪನಿಗೆ ಫೋನ್ ಮಾಡಿದೆ. "ನನ್ನ ಹೆಸರೂ ಅದೇ ಕಣೋ. ಇಂಗ್ಲಿಷಿನ ಜೇಮ್ಸ್ ಕೂಡ ಅದೇ. ನಿಂಗೆ ಅರುವತ್ತು ವರ್ಷ ಬೇಕಾಯ್ತಾ?" ಎಂದ. ಮೊಮ್ಮಗಳ ಮೊಬೈಲಿನಲ್ಲಿ ಹುಡುಕಿಸಿದರೆ ಭೂಮಂಡಲವೇ ಯಾಕೋಬುಮಯವಾಗಿತ್ತು. ಇಂಗ್ಲೆಂಡಿನಲ್ಲಿ ಆ ಹೆಸರಿನ ರಾಜರು, ಚಿಲಿ ದೇಶದಲ್ಲಿ ಆ ಹೆಸರಿನಿಂದ ಬಂದ ರಾಜಧಾನಿ, ಅಮೆರಿಕದಲ್ಲಿ ಕಡಲತೀರದ ಒಂದು ನಗರ, ಪಾಕಿಸ್ತಾನದಲ್ಲಿ ಬೆಂಕಿ ಬಿಸಿಲಿನ ಒಂದು ಊರು. ನಾಲ್ಕು ಕೊಂಬಿನ ಒಂದು ಜಾತಿಯ ಕುರಿಗೂ ಅದೇ ಹೆಸರು!

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಲವತ್ತೊಂದು ಆಯಿತು. ಹೆಂಡತಿ ಹುಣಿಸೆ ಬಿಡಿಸುತ್ತ ನೋಡುತ್ತಿದ್ದಳು.

"ಯಾಕೋಬುಗೆ ಶಾಲು ಹಾಕಾಕೆ ಹೋಗ್ತೀರೋ, ಜನಗಣತಿಗೆ ಹೋಗ್ತೀರೋ?"

"ನಿಂಗೆ ಚರಿತ್ರೆ ತಿಳಿಯಲ್ಲ."

"ಚರಿತ್ರೆ ಬೇಡ. ಅನ್ನ ಎಷ್ಟೊತ್ತಿಗೆ ಬಡಿಸ್ತಾರೆ, ಅದು ತಿಳಿದ್ಕೊಂಡು ಬನ್ನಿ."

ಸಭೆ ಹತ್ತೂವರೆಗೆ. ಮೈಕ್ ಸೆಟ್ಟಿನ ಮುರುಗೇಶ ಮೊದಲೇ ಎಚ್ಚರಿಸಿದ್ದ. "ಮಾಮಾ, ಸಾಯಂಕಾಲ ಆಂಡಿಪಟ್ಟಿಯಲ್ಲಿ ಮದುವೆ ರಿಸೆಪ್ಷನ್. ಸರಿಯಾಗಿ ಹನ್ನೆರಡಕ್ಕೆ ನಾನು ಸೆಟ್ ಕಟ್ಟಿ ಕಿಳಂಬಬೇಕು, ಹೊರಟೆ ಅಂದ್ರೆ ಹೊರಟೆ." ನಾನು ಗಾಂಭೀರ್ಯದಿಂದ ತಲೆ ಆಡಿಸಿದೆ. ಸಂಘದ ಅಧ್ಯಕ್ಷರು ಐದು ನಿಮಿಷದಲ್ಲಿ ಸ್ವಾಗತ ಮುಗಿಸಿದರು. ಶಾಲು ಹೊದಿಸಿದ್ದೂ ಆಯಿತು. ಹತ್ತು ಮುಕ್ಕಾಲಿಗೆ ಮೈಕ್ ನನ್ನ ಕೈ ಸೇರಿತು.

ಸ್ಪೀಕರ್ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಯಾಕೋಬುವಿನ ಮನೆಯವರು ಕೂತಿದ್ದರು. ನೀಲಿ ರೇಷ್ಮೆ ಸೀರೆ, ಕೈಯಲ್ಲಿ ಮಡಿಸಿದ ಕರವಸ್ತ್ರ. ಒಂದು ಕಿವಿಯನ್ನು ಪೆಟ್ಟಿಗೆಯ ಕಡೆ ತಿರುಗಿಸಿಕೊಂಡಿದ್ದರು.

ಬೈಬಲಿನ ಮೂಲ ಯಾಕೋಬನಿಂದ ಆರಂಭಿಸಿದೆ. ಅವನು ಬೇಳೆಯ ಸಾರು ಕೊಟ್ಟು ಅಣ್ಣನ ಹಕ್ಕನ್ನು ಬರೆಸಿಕೊಂಡದ್ದು, ಕುರುಡ ತಂದೆಗೆ ಮೋಸ ಮಾಡಿದ್ದು, ಮಾವನಿಂದ ತಾನೇ ಮೋಸ ಹೋದದ್ದು, ಎಲ್ಲವನ್ನೂ ವಿವರಿಸಿದೆ. ಹೊಗಳಬೇಕಾದವನ ಹೆಸರಿನ ಮೂಲಪುರುಷನಲ್ಲಿ ಇಷ್ಟು ಮೋಸಗಳಿವೆಯೆಂದು ನನಗೆ ಹೊಳೆದದ್ದು, ಯಾಕೋಬು ಹೆಗಲ ಮೇಲಿನ ಶಾಲನ್ನು ಸರಿಪಡಿಸಿಕೊಂಡಾಗ. ಅದನ್ನು ಮುಚ್ಚಿಹಾಕಲು ರಾಜರ ಕಡೆಗೆ ಧಾವಿಸಿದೆ. ರಾಜರ ಮೊಮ್ಮಕ್ಕಳಿಗೂ ಅದೇ ಹೆಸರು. ಅಲ್ಲಿಂದ ಹೊರಬರಲು ಇಪ್ಪತ್ತು ನಿಮಿಷ ಹಿಡಿಯಿತು.

ಅಧ್ಯಕ್ಷರು ಚೀಟಿ ಕಳಿಸಿದರು. ಅದು ಮೆಚ್ಚುಗೆಯ ಚೀಟಿಯೆಂದು ಜೇಬಿಗಿಟ್ಟೆ. ಎರಡನೆಯದು ಬಂತು. ಅದನ್ನೂ ಇಟ್ಟೆ. ಅಡುಗೆಯವನು ಬಾಗಿಲಲ್ಲಿ ಸೌಟು ಹಿಡಿದು ನಿಂತ. ಹಿಂದಿನ ಸಾಲಿನಿಂದ ಯಾರೋ, "ಪೆರಿಯವರೇ, ನಮ್ಮೂರಿಗೆ ಎಷ್ಟು ಹೊತ್ತಿಗೆ ಬರ್ತೀರಿ?" ಎಂದು ಕೇಳಿದರು. ನಾನಾಗ ಚಿಲಿಯಲ್ಲಿದ್ದೆ.

ಮೂವತ್ತಾರನೆಯ ಯಾಕೋಬು ಪಾಕಿಸ್ತಾನದ ಊರು. ಅಲ್ಲಿಯ ಬಿಸಿಲನ್ನು ವರ್ಣಿಸುತ್ತಿರುವಾಗ ನನ್ನ ಸ್ವರ ಇದ್ದಕ್ಕಿದ್ದಂತೆ ಸಣ್ಣದಾಯಿತು. ಗಂಟಲು ಒಣಗಿತೆಂದು ನೀರು ಕುಡಿದೆ. ಸ್ವರ ದೊಡ್ಡದಾಗಲಿಲ್ಲ. ತಿರುಗಿ ನೋಡಿದರೆ ಮುರುಗೇಶ ವೈರು ಸುತ್ತುತ್ತಿದ್ದ.

"ಏನಪ್ಪಾ ಇದು?"

"ಹನ್ನೆರಡೂ ಕಾಲು ಮಾಮಾ. ಆ ಮೈಕ್ ಕೊಡ್ರೀ. ನೀವು ಮುಗಿಸೋದ್ರೊಳಗೆ ಆಂಡಿಪಟ್ಟಿ ಹುಡುಗಿಗೆ ಮಗು ಆಗ್ತದೆ."

ಇನ್ನೂರು ಜನ ಚಪ್ಪಾಳೆ ತಟ್ಟಿದರು. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಇನ್ಯಾರೂ ಪಡೆದದ್ದನ್ನು ನೋಡಿಲ್ಲ. ಅದು ಮುರುಗೇಶನಿಗೆ.

ಸ್ಪೀಕರ್ ಪೆಟ್ಟಿಗೆಯನ್ನು ಇಬ್ಬರು ಹೊತ್ತುಕೊಂಡು ಹೋದರು. ಕುರ್ಚಿಯೂ, ಅದರಲ್ಲಿ ಕೂತವರೂ ಹಾಗೇ ಉಳಿದರು. ಯಾಕೋಬು ಎದ್ದು ನಿಂತರು. ಮೂವತ್ತು ವರ್ಷ ನೀರಿನ ಸದ್ದಿನ ಮೇಲೆ ಕೂಗಿದ ಮನುಷ್ಯ, ಅಂದು ಮೈಕಿಲ್ಲದೆ ಬಹಳ ಮೆಲ್ಲಗೆ ಮಾತಾಡಿದರು. ಜನ ಎಲೆಯ ಕಡೆ ಓಡುತ್ತಿದ್ದರು. ಅವರು ಕೈ ಜೋಡಿಸಿ ಕೂತರು. ಎರಡು ನಿಮಿಷವೂ ಆಗಿರಲಿಲ್ಲ.

ಅವರು ಏನು ಹೇಳಿದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಅಧ್ಯಕ್ಷರ ಕಿವಿಯಲ್ಲಿ, ನನ್ನ ಭಾಷಣ ಹೇಗಿತ್ತು ಎಂದು ವಿಚಾರಿಸುತ್ತಿದ್ದೆ.

ಊಟದ ಪಂಕ್ತಿಯಲ್ಲಿ ಯಾಕೋಬುವಿನ ಮನೆಯವರು ನನ್ನ ಪಕ್ಕ ಬಂದು ನಿಂತರು. ನಗುಮುಖ. ತಮಿಳಿನಲ್ಲೇ ಕೇಳಿದರು: "ಅವರು ಏನು ಮಾತಾಡಿದರು ಗೌಂಡರೇ? ನನ್ನ ಕಡೆ ನೋಡಿದ ಹಾಗಿತ್ತು."

ನಾನು ಅವರ ಕಿವಿಗೆ ಬಾಗಿ, "ಚೆನ್ನಾಗಿ ಮಾತಾಡಿದರಮ್ಮಾ," ಎಂದು ಕೂಗಿದೆ.

"ನೀವೂ ಚೆನ್ನಾಗಿ ಮಾತಾಡಿದಿರಿ. ಒಂದು ಅಕ್ಷರ ಬಿಡದೆ ಕೇಳಿಸಿತು," ಎಂದರು. ಸ್ವಲ್ಪ ಯೋಚಿಸಿ, "ಅಷ್ಟು ಯಾಕೋಬುಗಳಲ್ಲಿ ನಮ್ಮವರು ಬರಲೇ ಇಲ್ಲವಲ್ಲ?" ಎಂದರು.

ನೋಟ್‌ಬುಕ್ಕು ನನ್ನ ಕಂಕುಳಲ್ಲೇ ಇತ್ತು. ತೆರೆದು ನೋಡಿದೆ. ಕುರಿಯೂ ಇತ್ತು. ಅವರು ಇರಲಿಲ್ಲ.

ಆಮೇಲೆ ನಾನು ಅಧ್ಯಕ್ಷರಲ್ಲಿ ಕ್ಷಮೆ ಕೇಳಿದೆ, ಅಡುಗೆಯವನಲ್ಲಿ ಕೇಳಿದೆ, ಮುರುಗೇಶನಲ್ಲೂ ಕೇಳಿದೆ. ಯಾಕೋಬುವಿನ ಮನೆಗೆ ಬಾಳೆಗೊನೆ ಹೊತ್ತು ಹೋಗಿ, ಅವರಲ್ಲಿ ತಲೆ ತಗ್ಗಿಸಿ ಕೇಳಿದೆ. "ಬಿಡಿ ಗೌಂಡರೇ, ಚಿಲಿ ನೋಡ್ದಂಗಾಯ್ತು," ಎಂದು ನಕ್ಕರು. ಅಂದು ಏನು ಹೇಳಿದಿರಿ ಎಂದರೆ ಮಾತ್ರ ತಲೆ ಅಲ್ಲಾಡಿಸಿದರು. "ಅದು ಒಂದು ಸಲ ಹೇಳೋ ಮಾತು."

ಒಬ್ಬರಲ್ಲಿ ಮಾತ್ರ ಇನ್ನೂ ಕೇಳಿಲ್ಲ. ಅವರಲ್ಲಿ ಕೇಳಬೇಕಾದರೆ ಕೂಗಿ ಕೇಳಬೇಕು. ಕೂಗಿದರೆ ಬೀದಿಗೆಲ್ಲ ಕೇಳಿಸುತ್ತದೆ. ಒಂದೂವರೆ ಗಂಟೆ ಮೈಕಿನಲ್ಲಿ ಗರ್ಜಿಸಿದವನಿಗೆ ಮೂರು ಮಾತು ಕೂಗಲು ಧೈರ್ಯವಿಲ್ಲ. ದಾರಿಯಲ್ಲಿ ಸಿಕ್ಕಾಗ "ಊಟ ಆಯ್ತಾ?" ಎಂದು ಕೈಸನ್ನೆ ಮಾಡಿ ದಾಟಿಬಿಡುತ್ತೇನೆ. ಚಿಲಿಯ ರಾಜಧಾನಿಯ ಹೆಸರಿನ ಮೂಲ ಬಲ್ಲ ನಾನು ಅವರ ಹೆಸರನ್ನು ತಿಳಿದುಕೊಂಡದ್ದೇ ಕಳೆದ ತಿಂಗಳು, ಅದೂ ರೇಷನ್ ಅಂಗಡಿಯಲ್ಲಿ ಕರೆದಾಗ, ಸಾಲಿನಲ್ಲಿ ಹಿಂದೆ ನಿಂತು.

ಸೆಲ್ವಮೇರಿ.