ಮಾವನ ಕೆಂಪು ನಕ್ಷತ್ರ: ಅಸಲಿಯೋ ಖೋಟಾವೋ?

ಹವ್ಯಾಸ ಹಚ್ಚಿಕೊಂಡವನ ಮನೆಗೆ ಫಜೀತಿಗಳು ಕರೆಯದೆಯೇ ಬರುತ್ತವೆ. ನನ್ನದು ಸೋವಿಯತ್ ಸೈನ್ಯದ ಪದಕ ಕೂಡಿಡುವ ಹವ್ಯಾಸವಾದ್ದರಿಂದ ಅವು ಎದೆಗೆ ಪದಕ ಸಿಕ್ಕಿಸಿಕೊಂಡೇ ಬರುತ್ತವೆ.

ಇದು ನಾನು ಬರೆಯುತ್ತಿರುವ ಮೊದಲ ಬರಹ. ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಬೇಸರಿಸಬಾರದು. ಸೋವಿಯತ್ ಎಂದರೆ ರಷ್ಯಾ ಮತ್ತು ಸುತ್ತಲಿನ ಹಲವು ದೇಶಗಳು ಒಂದಾಗಿದ್ದ ಕಾಲದ ಒಕ್ಕೂಟ. ಪದಕ ಎಂದರೆ ಸಾಲೆಯ ಓಟದಲ್ಲಿ ಕೊಡುವಂಥದ್ದಲ್ಲ, ಯುದ್ಧದಲ್ಲಿ ಕೊಟ್ಟದ್ದು. ನಾನು ಬೈಲಹೊಂಗಲದಲ್ಲಿ ಔಷಧಿ ಅಂಗಡಿ ಇಟ್ಟವನು. ಯುದ್ಧಕ್ಕೂ ನನಗೂ ಸಂಬಂಧವಿಲ್ಲ. ಸಂಬಂಧ ಇದ್ದದ್ದು ರಾಮದುರ್ಗದ ನನ್ನ ಸೋದರಮಾವನಿಗೆ.

ಮಾವ ನೌಕಾದಳದಲ್ಲಿದ್ದವರು. ತರಬೇತಿಗೆಂದು ಸೋವಿಯತ್ ದೇಶಕ್ಕೆ ಹೋದಾಗ ಅಲ್ಲಿಯ ಮುದುಕ ಅಧಿಕಾರಿಯೊಬ್ಬ ತನ್ನ ಎದೆಯ ಮೇಲಿನ 'ಕೆಂಪು ನಕ್ಷತ್ರ' ಬಿಚ್ಚಿ ಇವರಿಗೆ ಕೊಟ್ಟನಂತೆ. ಯಾರ ಮದುವೆಯಾದರೂ ಮಾವ ಅದನ್ನು ಕೋಟಿಗೆ ಹಾಕಿಕೊಂಡು ಹೋಗಿ ಈ ಕಥೆ ಹೇಳುತ್ತಿದ್ದರು. ಅವರ ಮಗಳ ನಿಶ್ಚಯದ ದಿನ ಹೊಸ ಬೀಗರು, "ಇಂಥಾವು ಮುಂಬೈ ಫುಟ್‌ಪಾತಿನ್ಯಾಗ ರಾಶಿ ಹಾಕಿ ಮಾರ್ತಾರ್ರಿ" ಎಂದುಬಿಟ್ಟರು. ಮಾವ ಅಂದೇ ಕೋಟನ್ನು ಪದಕದ ಸಮೇತ ಟ್ರಂಕಿಗೆ ಹಾಕಿದರು.

"ನೀ ಸ್ವಲ್ಪ ಓದಿಕೊಂಡಾಂವ ಅದಿ. ಇದನ್ನ ಪರೀಕ್ಷಾ ಮಾಡೂದು ಕಲತ್ ಬಂದು ಹೇಳು. ಖೋಟಾ ಅಂದ್ರ ಆ ಕಥಿ ಇನ್ನ ನನ್ನ ಬಾಯಾಗ ಬರೂದಿಲ್ಲ" ಎಂದು ನನಗೆ ಹೇಳಿದರು. ಕಲಿಯಲು ಹೊರಟೆ, ಹವ್ಯಾಸ ಹತ್ತಿದ್ದೂ ಅಲ್ಲಿಂದಲೇ. ಕಲಿತದ್ದಕ್ಕಿಂತ ನಕ್ಕದ್ದೇ ಹೆಚ್ಚು.

ಪತ್ತಾರರ ತೀರ್ಪು

ಕಲಿಯಲೆಂದೇ ಬೆಳಗಾವಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಅದೇ ಜಾತಿಯ ಪದಕವೊಂದನ್ನು ಕೊಂಡೆ. ಅಸಲಿಯಾದರೆ ಅದು ಬೆಳ್ಳಿಯದಿರಬೇಕು, ಮೇಲೆ ಕೆಂಪು ಮೀನಾ ಕೆಲಸ (ಗಾಜಿನಂಥ ಬಣ್ಣದ ಲೇಪ), ನಡುವೆ ಬಂದೂಕು ಹಿಡಿದ ಸಿಪಾಯಿ. ಬೆಳ್ಳಿ ಹೌದೋ ಅಲ್ಲವೋ ಕೇಳಲು ನಮ್ಮ ಪೇಟೆಯ ಪತ್ತಾರರ ಬಳಿ ಒಯ್ದೆ. (ಪತ್ತಾರ ಎಂದರೆ ಅಕ್ಕಸಾಲಿಗ.)

"ಬೆಳ್ಳಿ ಚಲೋ ಐತ್ರಿ. ಈ ಕೆಂಪಂದು ಕಿತ್ತ ಒಗದು ತೂಕ ಮಾಡೂಣು" ಎಂದರು.

"ಅಯ್ಯೋ, ಕೆಂಪು ಹೋದ್ರ ಬೆಲಿನ ಹೋಗತೈತ್ರಿ!"

"ಹೆಂಗ ಹೋಗತೈತಿ? ಬೆಳ್ಳಿ ಏನ ಓಡಿಹೋಗತೈತೇನ?"

ನಡುವಿನ ಸಿಪಾಯಿಯನ್ನು ತೋರಿಸಿ, ಅವನು ಎಂಥ ಯುದ್ಧದ ಗುರುತು ಎಂದು ವಿವರಿಸಿದೆ. ಅವರು ಕಣ್ಣಿಗೆ ಭೂತಗನ್ನಡಿ ಹಿಡಿದು ಮರ್ಯಾದೆಯಿಂದ ನೋಡಿದರು. ಆಮೇಲೆ, "ಅಂವನ್ನೂ ಕೂಡೇ ಕರಗಸೂಣ್ರಿ. ಅಕ್ಕಾರಿಗೆ ಒಂದ ಜೋಡಿ ಕಾಲುಂಗುರ ಆಗತಾವ" ಎಂದರು.

ಜರ್ಮನರ ಫಿರಂಗಿಗೆ ಬಗ್ಗದ ಸಿಪಾಯಿ, ಇನ್ನೊಂದು ಗಳಿಗೆ ತಡವಾಗಿದ್ದರೆ ನನ್ನ ಹೆಂಡತಿಯ ಕಾಲಿಗೆ ಬೀಳುತ್ತಿದ್ದ.

ಸಿಪಾಯಿಯ ಜಳಕ

ಮುಂದಿನ ಪಾಠ: ಹಳೆಯ ಪದಕವನ್ನು ತಿಕ್ಕಬಾರದು. ಅದರ ಮೇಲಿನ ಕಪ್ಪು ಕೊಳೆಯಲ್ಲ, ವಯಸ್ಸಿನ ಗುರುತು. ಸಂಗ್ರಾಹಕರು ಮೊದಲು ನೋಡುವುದೇ ಅದನ್ನು. ಇದನ್ನು ನಾನು ಎಲ್ಲರಿಗೂ ವಿವರಿಸಿದ್ದೆ, ಮನೆಯವಳೊಬ್ಬಳನ್ನು ಬಿಟ್ಟು.

ದಸರೆಗೆ ದೇವರ ಬೆಳ್ಳಿ ಸಾಮಾನು ತಿಕ್ಕುವಾಗ ಅವಳು ಪದಕವನ್ನೂ ಅದರೊಳಗೆ ಸೇರಿಸಿದಳು. ಹುಣಸೆಹಣ್ಣು, ಮೇಲೆ ಬೂದಿ. ನಾನು ಅಂಗಡಿ ಮುಚ್ಚಿ ಬಂದು ನೋಡಿದರೆ ದೇವರ ಜಗಲಿಯ ಮೇಲೆ ಮೂರ್ತಿಗಳ ಪಕ್ಕ ಸಿಪಾಯಿ ಥಳಥಳ ಹೊಳೆಯುತ್ತಿದ್ದಾನೆ, ಹಣೆಗೆ ಕುಂಕುಮ ಬೇರೆ.

"ಯಾಕ ತಿಕ್ಕಿದಿ ಇದನ್ನ?" ಎಂದು ಕೂಗಿದೆ.

"ಯಾಕಂದ್ರ? ಪಾಪ, ಯುದ್ಧದಿಂದ ಬಂದಾಂವ, ಒಂದು ಜಳಕ ಮಾಡಸಬಾರದೇನ್ರಿ?" ಎಂದಳು.

ಕೂದಲಷ್ಟೂ ಫರಕಿಲ್ಲ

ಕೆಂಪು ನಕ್ಷತ್ರದ ಹಿಂಬದಿ ಒಂದು ನಂಬರು ಕೊರೆದಿರುತ್ತದೆ. ಒಂದೊಂದು ಪದಕಕ್ಕೆ ಒಂದೊಂದು ನಂಬರು, ಯಾಕೆಂದರೆ ಒಂದೊಂದನ್ನು ಒಬ್ಬೊಬ್ಬ ಸೈನಿಕನಿಗೆ ಕೊಟ್ಟದ್ದು. ಇಷ್ಟು ತಿಳಿದುಕೊಂಡು ಕಿತ್ತೂರಿಗೆ ಹೋದೆ. ಅಲ್ಲಿ ಹಳೆ ನಾಣ್ಯ, ದೀಪ ಮಾರುವವರೊಬ್ಬರು ತಮ್ಮಲ್ಲೂ ಪದಕ ಇದೆ ಎಂದಿದ್ದರು.

ಅವರು ತೋರಿಸಿದ ಪದಕದ ಹಿಂಬದಿಯಲ್ಲಿ ನಂಬರು ಇತ್ತು. ಖುಷಿಯಾಯಿತು. ಆದರೂ, "ಅಸಲಿ ಅನ್ನೂದಕ್ಕ ಖಾತ್ರಿ ಏನ್ರಿ?" ಎಂದೆ.

"ಖಾತ್ರಿ ಬೇಕೇನ್ರಿ?" ಎಂದು ಅವರು ಅಂಥವೇ ಪದಕಗಳಿದ್ದ ಡಬ್ಬಿಯೊಂದನ್ನು ತಂದು ಮೇಜಿನ ಮೇಲೆ ಸುರಿದರು. "ತಾಳೆ ಮಾಡಿ ನೋಡ್ರಿ. ಎಲ್ಲಾದರ ಮ್ಯಾಲೂ ಅದ ನಂಬರ್. ಕೂದಲಷ್ಟೂ ಫರಕಿಲ್ಲ!"

ಕೋಟಿನ ಒಳಗಡೆ

ಕೊನೆಗೆ ಧೈರ್ಯ ಮಾಡಿ ಯರಗಟ್ಟಿ ಮೇಲಿಂದ ಬಸ್ಸು ಹಿಡಿದು ರಾಮದುರ್ಗಕ್ಕೆ ಹೋದೆ. ಮಾವ ಬೀಗರನ್ನೂ ಕರೆಸಿದ್ದರು. "ಆಗೂದು ಇವರ ಮುಂದ ಆಗಲಿ" ಎಂದರು. ಅತ್ತೆ ಅವಲಕ್ಕಿ ಕೊಟ್ಟರು. ಮಾವ ಮುಟ್ಟಲಿಲ್ಲ.

ಮುಂಭಾಗ ಚೆನ್ನಾಗಿತ್ತು. ಸಿಪಾಯಿಯ ಕೋಟಿನ ಮಡಿಕೆ ಕೂಡ ಸ್ಪಷ್ಟ. ಅಚ್ಚಿನಲ್ಲಿ ಎರಕ ಹೊಯ್ದ ಖೋಟಾ ಪದಕದಲ್ಲಿ ಅವು ಮೊಂಡಾಗಿರುತ್ತವೆ. ಉಳಿದದ್ದು ನಂಬರು. ಈ ಪದಕಕ್ಕೆ ಪಿನ್ನು ಇರುವುದಿಲ್ಲ, ಹಿಂದೆ ಸ್ಕ್ರೂ ಇದ್ದು ಕೋಟಿನ ಒಳಗಡೆಯಿಂದ ನಟ್ಟು ತಿರುವಬೇಕು. ನಟ್ಟು ಬಿಚ್ಚಿದೆ, ತಿರುವಿ ನೋಡಿದೆ. ಮೇಲ್ಭಾಗದಲ್ಲಿ ಟಂಕಸಾಲೆಯ ರಷ್ಯನ್ ಅಕ್ಷರಗಳು ಸರಿಯಾಗಿದ್ದವು. ನಂಬರು ಇರಬೇಕಾದಲ್ಲಿ ದುಂಡು ಕನ್ನಡ ಅಕ್ಷರದಲ್ಲಿ ಅತ್ತೆಯ ಹೆಸರು. ಕೆಳಗೆ, 'ರಾಮದುರ್ಗ'.

"ಅತ್ತಿ, ಇದೇನ್ರಿ ಇದು?"

"ಅದಾ? ನಾನ ಹಾಕ್ಸೇನಿ. ಕೋಟು ಇಸ್ತ್ರಿಗೆ ಕೊಡೂ ಮುಂದ ಬಿಚ್ಚಿ ಇಟ್ಟಿದ್ದೆ. ಲಗ್ನದ ಮನ್ಯಾಗ ಎಲ್ಲೆರ ಬಿದ್ದು ಕಳದ್ರ ಸಿಗಬೇಕಲ್ಲಪಾ? ಭಾಂಡೆ ಅಂಗಡ್ಯಾಗ ಕೊಡಾ, ಪರಾತದ ಮ್ಯಾಲೆ ಹೆಸರು ಹಾಕಸೂ ಮುಂದ ಇದಕ್ಕೂ ಹಾಕಿಸಿದೆ."

"ಇಲ್ಲಿ ಒಂದು ನಂಬರ್ ಇತ್ತೇನ್ರಿ?"

"ಇತ್ತು, ಯಾರದೋ ಹಳೇ ನಂಬರ್. ಕದ್ದ ಮಾಲು ಅಂದಾರು ಮಂದಿ ಅಂತ ಸವೆಸಿ ತಗಸಿದೆ."

ನಾನು ಮಾವನ ಕಡೆ ತಿರುಗಿದೆ. "ಮಾವಾ, ಪದಕ ಅಸಲಿ ಅಂತ ನನ್ನ ಮನಸ್ಸು ಹೇಳತೈತ್ರಿ. ಆದ್ರ ಸಂಗ್ರಾಹಕರ ಲೆಕ್ಕದಾಗ ಬೆಲಿ ಹೋತು."

"ಬೆಲಿ ಯಾರಿಗೆ ಬೇಕಾಗೇತಿ!" ಎಂದು ಮಾವ ಎದ್ದು ಕೋಟು ತೊಟ್ಟರು. ಎದೆ ಉಬ್ಬಿಸಿ, ಬೀಗರ ಎದುರು ನಿಂತು ಮೊದಲಿನಿಂದ ಶುರುಮಾಡಿದರು: "ಅವತ್ತು ಆ ಅಧಿಕಾರಿ ತನ್ನ ಎದಿ ಮ್ಯಾಲಿಂದ ಬಿಚ್ಚಿ..."

ಬೀಗರು ನನ್ನ ಕೈಯಿಂದ ಪದಕ ಇಸಿದುಕೊಂಡು ಹಿಂಬದಿ ಓದಿದರು. ಎರಡೂ ಕೈ ಮುಗಿದರು.

"ಒಪ್ಪಿದೆ ಬೀಗ್ರ. ಅಧಿಕಾರಿ ಕೊಟ್ಟದ್ದು ಖರೇ. ಆದ್ರ ಬರದದ್ದು ನೋಡಿದ್ರ ನಿಮಗ ಕೊಟ್ಟಿಲ್ಲ, ಬೀಗತಿಯವರಿಗೆ ಮುಟ್ಟಸು ಅಂತ ನಿಮ್ಮ ಕೈಯಾಗ ಕಳಿಸ್ಯಾನ!"