ಪ್ರಿಂಟರಿನ ಮನೆ ನಂಬರ್

ಮೊಮ್ಮಕ್ಕಳ ಸುದ್ದಿ ಹೇಳಲು ಹೊರಟ ಅಜ್ಜಿಯ ಎದುರು ಯಾರೂ ನಿಲ್ಲಬಾರದು. ಇದನ್ನು ನಾನೇ ಹೇಳುತ್ತಿದ್ದೇನೆ. ಕಾಪುವಿನ ಮಾರ್ಕೆಟ್ಟಿನಲ್ಲಿ ನನ್ನ ಬುಟ್ಟಿಯ ಮುಂದೆ ಬಂಗುಡೆ ಕೇಳಲು ಬಂದು ನಿಂತವರು, ನನ್ನ ಮೊಮ್ಮಗಳು ರೇಷ್ಮಾಳ ಕಥೆ ಮುಗಿಯುವಷ್ಟರಲ್ಲಿ ಮೀನಿನ ಮೇಲಿನ ಐಸ್ ಪೂರ್ತಿ ಕರಗಿದ್ದನ್ನು ನೋಡಿ, ಏನೂ ಕೊಳ್ಳದೆ ಹೋದದ್ದುಂಟು. ವ್ಯಾಪಾರಕ್ಕೆ ನಷ್ಟ, ಗೊತ್ತು. ಆದರೆ ಬಾಯಿ ಕೇಳಬೇಕಲ್ಲ? ನಾನು ಕಲಿತದ್ದು ನಾಲ್ಕನೇ ಕ್ಲಾಸು. ಅವಳು ಕಾರ್ಕಳದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಕಂಪ್ಯೂಟರ್ ಕಲಿತು ಬಂದವಳು. ಇಷ್ಟಾದ ಮೇಲೂ ನಾನು ಸುಮ್ಮನಿರಬೇಕು ಎನ್ನುವವರಿಗೆ ಮೊಮ್ಮಕ್ಕಳಿಲ್ಲ ಎಂದೇ ನಾನು ತಿಳಿಯುತ್ತೇನೆ.

ಆ ವರ್ಷ ನಮ್ಮ ಮೀನು ಮಾರುವ ಹೆಂಗಸರ ಸೊಸೈಟಿಗೆ ಎಲ್ಲಿಯದೋ ಮುಚ್ಚಿದ ಆಫೀಸಿನಿಂದ ಎರಡು ಹಳೆಯ ಕಂಪ್ಯೂಟರ್ ಮತ್ತು ಒಂದು ದೊಡ್ಡ ಪ್ರಿಂಟರ್ ಬಂದವು. ನಾನು ಸೊಸೈಟಿಯ ನಿರ್ದೇಶಕಿ. ಅಂದರೆ ಮೀಟಿಂಗಿನಲ್ಲಿ ಚಾ ಕುಡಿದು ಸಹಿ ಹಾಕುವವಳು. ಕಂಪ್ಯೂಟರ್ ನೋಡಿಕೊಳ್ಳಲು ಒಬ್ಬರು ಬೇಕು ಎಂಬ ಮಾತು ಬಂದಾಗ, ಚಾ ಲೋಟ ಕೆಳಗಿಟ್ಟು, "ನಮ್ಮ ರೇಷ್ಮಾ ಇದ್ದಾಳಲ್ಲ!" ಎಂದೆ. ಅಧ್ಯಕ್ಷೆ ಗಿರಿಜಕ್ಕ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಸುಂದರಿಯಕ್ಕ, ನಿಮ್ಮ ಮೊಮ್ಮಗಳು ಅಂತ ಕೆಲಸ ಕೊಡ್ಲಿಕ್ಕೆ ಆಗುವುದಿಲ್ಲ ಮಾರಾಯ್ರೆ. ಮಹಾಸಭೆಯ ನೋಟೀಸು ಶನಿವಾರ ಸಂಜೆಯೊಳಗೆ ಈ ಮೆಷಿನ್ನಿನಿಂದ ಹೊರಗೆ ಬರಲಿ, ಕುರ್ಚಿ ಅವಳದ್ದು. ಇಲ್ಲದಿದ್ದರೆ ಮಣಿಪಾಲದಿಂದ ಒಬ್ಬ ಹುಡುಗನನ್ನು ಕರೆಸುವುದು." ಮಣಿಪಾಲದ ಹುಡುಗ! ನನ್ನ ರಕ್ತ ಕುದಿಯಿತು. "ಬರ್ತದೆ, ಬರದೆ ಎಲ್ಲಿಗೆ ಹೋಗ್ತದೆ?" ಎಂದುಬಿಟ್ಟೆ.

ಮನೆಗೆ ಬಂದು ಹೇಳಿದಾಗ ರೇಷ್ಮಾ ತಲೆಯ ಮೇಲೆ ಕೈಹೊತ್ತು ಕುಳಿತಳು. "ಅಜ್ಜಿ, ಅದು ನೆಟ್‌ವರ್ಕ್ ಪ್ರಿಂಟರ್. ಕಂಪ್ಯೂಟರನ್ನು ನಡೆಸುವ ಪ್ರೋಗ್ರಾಮ್ ಲಿನಕ್ಸ್. ಸ್ವಲ್ಪ ತಲೆನೋವಿನ ಕೆಲಸ." ನೆಟ್ ಅಂದರೆ ಬಲೆ, ವರ್ಕ್ ಅಂದರೆ ಕೆಲಸ, ಇಷ್ಟು ಇಂಗ್ಲಿಷ್ ಕಡಲಬದಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮರುದಿನ ಮಾರ್ಕೆಟ್ಟಿನಲ್ಲಿ, ನನ್ನ ಮೊಮ್ಮಗಳು ಸೊಸೈಟಿಯಲ್ಲಿ ಬಲೆ ಕೆಲಸಕ್ಕೆ ಸೇರುತ್ತಾಳೆ ಎಂದು ಸಾರಿದೆ. ಪಕ್ಕದ ಬುಟ್ಟಿಯ ಬೇಬಿ ಲೊಚಗುಟ್ಟಿದಳು. "ಅಯ್ಯೋ, ಅಷ್ಟು ದೂರ ಹೋಗಿ ಕಲಿತು ಕಡೆಗೆ ಬಲೆ ಹೆಣೆಯುವುದಾ? ಅದನ್ನು ಮನೆಯಲ್ಲಿ ಅವಳ ಅಜ್ಜನೇ ಕಲಿಸುತ್ತಿದ್ದರಲ್ಲ!" ಲಿನಕ್ಸ್ ಎಂದರೆ ಎಂತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲವಂತೆ. ಅದರ ಗುರುತಿಗೆ ಬಿಳಿ ಹೊಟ್ಟೆಯ, ಕಪ್ಪು ಬೆನ್ನಿನ ಒಂದು ದಪ್ಪ ಹಕ್ಕಿ ಉಂಟು. "ಅದು ಎಂತ ತಿನ್ನುತ್ತದೆ?" ಎಂದು ಕೇಳಿದೆ. "ಮೀನು" ಎಂದಳು ರೇಷ್ಮಾ. ನನಗೆ ಧೈರ್ಯ ಬಂತು. ಮೀನು ತಿನ್ನುವವರು ನಮಗೆ ಮೋಸ ಮಾಡಲಿಕ್ಕಿಲ್ಲ.

ಶನಿವಾರ ಮಧ್ಯಾಹ್ನ ನಾನೂ ಅವಳೊಂದಿಗೆ ಹೋದೆ. ಯಾರೂ ಕರೆದಿರಲಿಲ್ಲ, ಆದರೆ ಅಜ್ಜಿಯಿಲ್ಲದೆ ಇಂಥ ದೊಡ್ಡ ಕೆಲಸ ನಡೆಯುವುದು ಹೇಗೆ? ಕಂಪ್ಯೂಟರ್ ಹಿಂದಿನ ಕೋಣೆಯಲ್ಲಿ, ಪ್ರಿಂಟರ್ ಎದುರಿನಲ್ಲಿ, ಗಿರಿಜಕ್ಕನ ಕೋಣೆಯಲ್ಲಿ. ಮಧ್ಯೆ ಗೋಡೆಗುಂಟ ಒಂದು ನೀಲಿ ವಯರು. ರೇಷ್ಮಾ ಪ್ರಯೋಗಕ್ಕೆಂದು ಒಂದು ಹಾಳೆಯಲ್ಲಿ, ನನ್ನನ್ನು ನಗಿಸಲು, "ನನ್ನ ಅಜ್ಜಿ ಸುಂದರಿ" ಎಂದು ಇಷ್ಟು ದೊಡ್ಡ ಅಕ್ಷರದಲ್ಲಿ ಟೈಪು ಮಾಡಿ ಕಳಿಸಿದಳು. ಕೂಡಲೇ ಬಂತು! ನಾನು ಆ ಹಾಳೆಯನ್ನು ಎದೆಗೆ ಒತ್ತಿಕೊಂಡು ಗಿರಿಜಕ್ಕನಿಗೆ ತೋರಿಸುವಷ್ಟರಲ್ಲಿ ಕರೆಂಟು ಹೋಯಿತು. ತಿರುಗಿ ಬಂದ ಮೇಲೆ ಏನು ಕಳಿಸಿದರೂ ಪ್ರಿಂಟರ್ ಉಸಿರೆತ್ತಲಿಲ್ಲ. ಗಿರಿಜಕ್ಕ ಗಡಿಯಾರ ನೋಡಿ, "ಮಣಿಪಾಲಕ್ಕೆ ಫೋನು ಮಾಡುವುದಾ?" ಎಂದರು. ರೇಷ್ಮಾಳ ಮುಖ ಸಣ್ಣದಾಯಿತು. ನನ್ನದು ಅದಕ್ಕಿಂತ ಸಣ್ಣದಾಯಿತು.

ಆದರೆ ಅವಳು ನನ್ನ ಮೊಮ್ಮಗಳು. ತುಂಬ ಹೊತ್ತು ಪರದೆಯನ್ನೇ ದಿಟ್ಟಿಸಿ, ಕಡೆಗೆ ಮೇಜು ಕುಟ್ಟಿದಳು. "ಗೊತ್ತಾಯ್ತು ಅಜ್ಜಿ! ಪ್ರಿಂಟರಿಗೂ ಒಂದು ಮನೆ ನಂಬರ್ ಇರ್ತದೆ. ಇದು ಬಾಡಿಗೆಯವರ ಹಾಗೆ, ಕರೆಂಟು ಹೋಗಿ ಬಂದಾಗ ಮನೆ ಬದಲಾಯಿಸಿದೆ. ನಾನು ಹಳೆಯ ಮನೆಯ ಬಾಗಿಲು ಬಡಿಯುತ್ತಾ ಇದ್ದೇನೆ." "ಹಾಗಾದರೆ ಎಂತ ಮಾಡುವುದು?" "ಆ ಹಳೆಯ ನಂಬರನ್ನೇ ಅದಕ್ಕೆ ಖಾಯಂ ಮಾಡಿ ಬರ್ತೇನೆ. ಇನ್ನು ಮೇಲೆ ಸ್ವಂತ ಮನೆ. ನೀವು ಇಲ್ಲೇ ಇರಿ. ನಾನು ಅಲ್ಲಿಂದ ಕೂಗಿದ ಮೇಲೆ ಪ್ರಿಂಟ್ ಅಂತ ಇರುವ ಈ ಗುಂಡಿಯನ್ನು ಒಮ್ಮೆ ಒತ್ತಿ, ಆಗಿನ ಹಾಳೆಯೇ ಬರ್ತದೆ. ಒಮ್ಮೆ ಮಾತ್ರ."

ಅವಳು ಆ ಕಡೆ ಹೋದಳು. ಕೂಗುವವರೆಗೆ ಕಾಯಬೇಕಿತ್ತು, ನಿಜ. ಆದರೆ ಕರೆಗಂಟೆ ಎದುರಿಗಿದ್ದರೆ ಒತ್ತದೆ ಇರುವುದು ಯಾರಿಂದ ಆಗುತ್ತದೆ? ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಪಕ್ಕದಲ್ಲಿ ಮೇಲ್ಮುಖವಾದ ಒಂದು ಸಣ್ಣ ಬಾಣ ಕಂಡಿತು. ರೇಡಿಯೋದ ಸ್ವರ ದೊಡ್ಡದು ಮಾಡುವ ಹಾಗೆ ಅದನ್ನೂ ಸಾಕಷ್ಟು ಏರಿಸಿ, ಪುನಃ ಒತ್ತಿದೆ. ಆ ಬಾಣ ಎಷ್ಟು ಪ್ರತಿ ಬೇಕೆಂದು ಹೇಳುವುದಂತೆ. ನಾನು ಒತ್ತಿದ್ದೆಲ್ಲ ಎಲ್ಲಿಗೂ ಹೋಗದೆ, ಬಾಗಿಲು ತೆರೆಯುವುದನ್ನೇ ಕಾಯುತ್ತಾ ಸಾಲಾಗಿ ನಿಂತಿತ್ತಂತೆ. ಹಾಗಂತ ಯಾರು ಹೇಳಿದ್ದರು ನನಗೆ?

ಸ್ವಲ್ಪ ಹೊತ್ತಿಗೆ ಎದುರಿನ ಕೋಣೆಯಿಂದ ಗರಗರ ಸದ್ದು. "ಬಂತು, ಬಂತು!" ಎಂದು ಗಿರಿಜಕ್ಕನ ಸ್ವರ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಬರುತ್ತಿತ್ತು, ಹೌದು. "ನನ್ನ ಅಜ್ಜಿ ಸುಂದರಿ." ಅದರ ಹಿಂದೆ ಇನ್ನೊಂದು "ನನ್ನ ಅಜ್ಜಿ ಸುಂದರಿ." ಗಿರಿಜಕ್ಕ ಒಂದು ಹಾಳೆ ಎತ್ತಿ ಓದಿದರು, ನನ್ನನ್ನು ನೋಡಿದರು, ಇನ್ನೊಂದು ಓದಿದರು. "ಸಾಕು ಮಾರಾಯ್ರೆ, ಒಪ್ಪಿದೆ, ನೀವು ಸುಂದರಿಯೇ!" ರೇಷ್ಮಾ ಓಡಿಹೋಗಿ ನಿಲ್ಲಿಸುವಷ್ಟರಲ್ಲಿ ಕಾಗದದ ಕಟ್ಟು ಮುಗಿದೇ ಹೋಗಿತ್ತು. ಕಾಪುವಿನ ಅಂಗಡಿಯಲ್ಲಿ ಆ ಅಳತೆಯ ಕಾಗದ ಸಿಗುವುದಿಲ್ಲ. ಉಡುಪಿಗೆ ಹೋಗಿ ಬರಲು ಹೊತ್ತಿಲ್ಲ. ನೋಟೀಸು ಹಂಚುವ ಹೆಂಗಸರು ಆಗಲೇ ಜಗಲಿಯಲ್ಲಿ ಕುಳಿತಿದ್ದರು. ನಾನು ಏನೋ ಹೇಳಲು ಬಾಯಿ ತೆರೆದರೆ ರೇಷ್ಮಾ, "ಅಜ್ಜಿ, ನೀವು ಮಾತಾಡ್ಬೇಡಿ" ಎಂದು ಅಚ್ಚಾದ ಹಾಳೆಗಳನ್ನೇ ಮಗುಚಿ ಪ್ರಿಂಟರಿಗೆ ಹಾಕಿದಳು. ಖಾಲಿ ಬೆನ್ನಿನ ಮೇಲೆ ನೋಟೀಸು ಸರಸರನೆ ಬಂತು, ಕರೆಂಟು ಇನ್ನೊಮ್ಮೆ ಹೋಗಿ ಬಂದ ಮೇಲೂ ಬಂತು. ಗಿರಿಜಕ್ಕ ಕನ್ನಡಕ ಒರೆಸಿಕೊಂಡು, "ಸೋಮವಾರದಿಂದ ಬಾ ಮಗಾ" ಎಂದರು. ಮಣಿಪಾಲದ ಹುಡುಗ ಮಣಿಪಾಲದಲ್ಲೇ ಉಳಿದ.

ನೋಟೀಸಿನ ಬೆನ್ನೇರಿ "ನನ್ನ ಅಜ್ಜಿ ಸುಂದರಿ" ಮನೆಮನೆಗೆ ಹೋಯಿತು. ಮಹಾಸಭೆ ಮುಗಿಯುವವರೆಗೆ ನನಗೆ ರಸ್ತೆಯಲ್ಲಿ ತಲೆಯೆತ್ತಿ ನಡೆಯಲಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಎತ್ತಿಯೇ ನಡೆದೆ. ಬೋಟಿನ ಗಂಡಸರು, "ಸುಂದರಿಯಕ್ಕ, ಚುನಾವಣೆಗೆ ನಿಲ್ಲುವುದಾ, ಅಲ್ಲ ಸಿನೆಮಾಕ್ಕಾ?" ಎಂದು ಕೇಳಿದರೆ, "ಮೊಮ್ಮಗಳನ್ನು ಕೇಳಿ, ಪ್ರಿಂಟು ಮಾಡಿದ್ದು ಅವಳು" ಎನ್ನುತ್ತಿದ್ದೆ.

ಸೋಮವಾರ ರೇಷ್ಮಾ ಕುರ್ಚಿಯಲ್ಲಿ ಕುಳಿತು ಮಾಡಿದ ಮೊದಲ ಕೆಲಸ ಒಂದು ಹಾಳೆ ಪ್ರಿಂಟು ಮಾಡಿ ಬಾಗಿಲಿಗೆ ಅಂಟಿಸಿದ್ದು: "ಅಪ್ಪಣೆಯಿಲ್ಲದೆ ಒಳಗೆ ಪ್ರವೇಶವಿಲ್ಲ. ನಿರ್ದೇಶಕರಿಗೂ ಇಲ್ಲ. ಅಜ್ಜಿಯರಿಗಂತೂ ಇಲ್ಲವೇ ಇಲ್ಲ." ಸೊಸೈಟಿಗೆ ಯಾರೇ ಬರಲಿ, ನಾನು ಕೈಹಿಡಿದು ಆ ಬಾಗಿಲಿನ ಮುಂದೆ ನಿಲ್ಲಿಸಿ, ಒಂದೊಂದೇ ಅಕ್ಷರ ಬೆರಳಿಟ್ಟು ಓದಿ ಹೇಳುತ್ತೇನೆ. ಎಷ್ಟು ಚಂದ, ಎಷ್ಟು ನೇರ ಸಾಲು! ಒಮ್ಮೆ ಬೇಬಿ, "ಇದು ನಿಮ್ಮನ್ನು ಒಳಗೆ ಬಿಡಬಾರದು ಅಂತ ಹಾಕಿದ್ದಲ್ವಾ?" ಎಂದಳು. "ಮತ್ತೆಂತ?" ಎಂದೆ. "ನಿನಗೆ ಯಾರಾದರೂ ಹಾಕಿದ್ದಾರಾ?"