ಗಂಟು ಬಿಚ್ಚಿದ ಅಳಿಯ

ಅತ್ತೆ ಕೊನೆಗೂ ಹೊರಡುವುದಕ್ಕೆ ಒಪ್ಪಿದ್ದರು. ಆದರೆ ಒಂದು ಷರತ್ತಿನ ಮೇಲೆ.

"ನನ್ನ ಕತೆ ಪೂರ್ತಿ ಇದರೊಳಗೆ ಬಂದಿರಬೇಕು ಅಳಿಯಂದಿರೇ. ಮೊದಲನೇ ಭಾಗದಿಂದ ಕೊನೇ ಭಾಗದವರೆಗೆ. ಒಂದು ಕಮ್ಮಿಯಾದ್ರೂ ನಾನು ಕಾರು ಹತ್ತೋದಿಲ್ಲ," ಎಂದು ಬೆಳಿಗ್ಗೆ ತಮ್ಮ ಟ್ಯಾಬನ್ನು ಅಳಿಯನ ಕೈಗಿಟ್ಟು ಕೋಣೆಯೊಳಗೆ ಹೋದರು.

ಅಳಿಯನಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಹಾಗಾಗಿ ಆ ಕಟ್ಟಡದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕನ್ನಡಕಪ್ಪ ಎಂದು. ಮಂಡಿ ಆಪರೇಷನ್ ಆದ ಮೇಲೆ "ಒಂದು ವಾರ ಇದ್ದು ಹೋಗ್ತೀನಿ" ಎಂದು ಬಂದ ಅತ್ತೆ ಮೂರನೇ ತಿಂಗಳಿಗೆ ಕಾಲಿಟ್ಟಿದ್ದರು. ಇದ್ದ ಒಂದೇ ಮಲಗುವ ಕೋಣೆಯಲ್ಲಿ ತಾಯಿ ಮಗಳು. ಕನ್ನಡಕಪ್ಪನಿಗೆ ಹಾಲಿನ ಸೋಫಾ. ಸೋಫಾ ಅವನಿಗಿಂತ ಒಂದು ಗೇಣು ಗಿಡ್ಡ. ತಲೆಗೆ ಜಾಗ ಕೊಟ್ಟರೆ ಕಾಲು ಹೊರಗೆ, ಕಾಲಿಗೆ ಕೊಟ್ಟರೆ ತಲೆ ಹೊರಗೆ. ಆದರೂ ಅವನು ಒಂದು ದಿನವೂ ತುಟಿ ಪಿಟಕ್ಕೆಂದವನಲ್ಲ. ಈವತ್ತು ಸಂಜೆ ದೊಡ್ಡ ಅಳಿಯ, ಅಂದರೆ ಅವನ ಷಡ್ಡಕ, ಕಾರು ತಂದು ಅತ್ತೆಯನ್ನು ತನ್ನ ಮನೆಗೆ ಕರೆದುಕೊಂಡು ಹೋಗುವುದೆಂದು ಗೊತ್ತಾದ ಗಳಿಗೆಯಿಂದ ಅವನ ಬೆನ್ನುಮೂಳೆ ಮನಸ್ಸಿನಲ್ಲೇ ನೆಟ್ಟಗಾಗತೊಡಗಿತ್ತು.

ಅತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮಕ್ಕಳ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ಓದಿ ಓದಿ ಕಣ್ಣು ಸವೆದಿದೆ, ಇನ್ನು ಕೇಳುವುದು ಮಾತ್ರ ಎಂಬುದು ಅವರ ತೀರ್ಮಾನ. ಕತೆ ಓದಿ ರೆಕಾರ್ಡ್ ಮಾಡುವ ಬಳಗವೊಂದು ಸಮುದ್ರದ ದೀಪಸ್ತಂಭದಲ್ಲಿ ನಡೆದ ಒಂದು ಕೊಲೆಯ ಕಾದಂಬರಿಯನ್ನು ಭಾಗ ಭಾಗವಾಗಿ ಈಮೇಲಿಗೆ ಕಳಿಸುತ್ತಿತ್ತು. ಒಂದೊಂದು ಭಾಗವೂ ಒಂದೊಂದು ಜಿಪ್ ಫೈಲು. "ಜಿಪ್ ಇರೋದು ಚೀಲಕ್ಕೆ. ಇದು ಗಂಟು," ಎಂದು ಅತ್ತೆ ಮೊದಲ ದಿನವೇ ತಿದ್ದಿದ್ದರು. ಆ ಗಂಟುಗಳನ್ನು ಈಮೇಲಿನಿಂದ ಎತ್ತಿ, ಕತೆ ಕೇಳಿಸುವ ಆ್ಯಪಿನೊಳಗೆ ಇಟ್ಟರೆ ಅವು ಬಿಚ್ಚಿಕೊಂಡು ಮಾತಾಡುತ್ತವೆ. ಒಂದನ್ನು ಕೇಳಿ ಅಳಿಸಿ, ಇನ್ನೊಂದನ್ನು ಹಾಕಿ, ಹೀಗೆ ಕಾಲು ಭಾಗದಷ್ಟು ಕೇಳಿ ಮುಗಿದಿತ್ತು. ಆಮೇಲೆ ಬಂದದ್ದೆಲ್ಲ ಈಮೇಲಿನಲ್ಲೇ ಕೊಳೆಯುತ್ತ ಬಿದ್ದಿತ್ತು.

"ದೊಡ್ಡವರ ಮನೇಲಿ ಮಾಡಿಕೊಡ್ತಾರಲ್ಲಮ್ಮ," ಎಂದು ಹೆಂಡತಿ ಒಂದು ಮಾತು ಹೇಳಿ ನೋಡಿದ್ದಳು.

"ಅವರಿಗೆ ಟ್ಯಾಬಿನ ಬೆನ್ನು ಯಾವುದು ಹೊಟ್ಟೆ ಯಾವುದು ಅಂತ ಗೊತ್ತಿಲ್ಲ. ಕೊಲೆಗಾರ ಯಾರೂಂತ ಗೊತ್ತಾಗದೆ ನಾನು ಅಲ್ಲಿ ಹೋಗಿ ಗೋಡೆ ನೋಡ್ತಾ ಕೂತಿರ್ಲಾ?" ಎಂದಿದ್ದರು ಅತ್ತೆ.

ಕನ್ನಡಕಪ್ಪ ಊಟದ ಮೇಜಿನ ಮುಂದೆ ಕುಳಿತ. ಒಂದು ಗಂಟನ್ನು ಒತ್ತಿದ, ಬಾಣದ ಗುರುತು ಮುಟ್ಟಿದ, ಬಂದ ಪಟ್ಟಿಯಲ್ಲಿ ಕತೆಯ ಆ್ಯಪನ್ನು ಆರಿಸಿದ, 'ಸರಿ' ಎಂದ. ಟ್ಯಾಬು ಸ್ವಲ್ಪ ಯೋಚಿಸಿ, ಒಪ್ಪಿಕೊಂಡು, ಮತ್ತೆ ಈಮೇಲಿನ ತುದಿಗೆ ತಂದು ನಿಲ್ಲಿಸಿತು. ಅಲ್ಲಿಂದ ಕೆಳಗಿಳಿದು ಮುಂದಿನ ಗಂಟನ್ನು ಹುಡುಕಬೇಕು. ಬಾವಿಗಿಳಿದು ಚಮಚದಲ್ಲಿ ನೀರು ತಂದ ಹಾಗೆ.

ಅಷ್ಟರಲ್ಲಿ ಮೇಲಿನ ಮನೆಯ ಡ್ರೈವಿಂಗ್ ಮೇಷ್ಟ್ರು ಪೇಪರ್ ಕೇಳಲು ಬಂದರು. ಯಾರಾದರೂ ಏನನ್ನಾದರೂ ಕೈಯಲ್ಲಿ ಹಿಡಿದು ಕುಳಿತಿದ್ದರೆ ಪಕ್ಕದಲ್ಲಿ ಕೂತು ಹೇಳಿಕೊಡದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ.

"ನಿಧಾನ, ನಿಧಾನ. ಒತ್ತಿ ಹಿಡ್ಕೊಳ್ಳಿ. ಈಗ ಬಿಡಿ. ಅಷ್ಟು ಬೇಗ ಅಲ್ಲ ಕಣ್ರೀ, ಕ್ಲಚ್ ಬಿಟ್ಟ ಹಾಗೆ ಬಿಡಬೇಕು."

ಎರಡನೇ ಗಂಟಿಗೆ ಟ್ಯಾಬು ಏನೋ ಕೇಳಿತು. 'ಇದೇ ಹೆಸರಿನದ್ದು ಈಗಾಗಲೇ ಇದೆ. ಬದಲಾಯಿಸಬೇಕೇ?'

"ಏನು ಮಾಡ್ಲಿ ಮೇಷ್ಟ್ರೇ?"

"ಹೌದು ಅನ್ನೋದು ಹಸಿರು ಬಣ್ಣದಲ್ಲಿದೆಯಲ್ಲ! ಹಸಿರು ಬಂದ ಮೇಲೂ ನಿಲ್ಲೋರನ್ನ ನೋಡಿದ್ರೆ ನಂಗೆ ಆಗಲ್ಲ. ನಡೀರಿ."

ಕನ್ನಡಕಪ್ಪ ನಡೆದ. ಒಂದೊಂದು ಗಂಟಿಗೂ ಟ್ಯಾಬು ಅದನ್ನೇ ಕೇಳಿತು, ಒಂದೊಂದಕ್ಕೂ ಮೇಷ್ಟ್ರು "ಹಸಿರು" ಎಂದರು, ಅವನು ಒತ್ತಿದ. ಎಲ್ಲ ಮುಗಿದು, ಹೆಬ್ಬೆರಳು ಮರಗಟ್ಟಿ, ಕತೆಯ ಆ್ಯಪನ್ನು ತೆರೆದು ನೋಡಿದರೆ ಒಳಗಿದ್ದದ್ದು ಒಂದೇ ಒಂದು ಭಾಗ. ಬಳಗದವರು ಪ್ರತಿ ಗಂಟಿನೊಳಗೂ ಒಂದೇ ಹೆಸರು ಇಟ್ಟಿದ್ದರು. ಹಾಗಾಗಿ ಹೊಸದಾಗಿ ಬಂದದ್ದು ಮೊದಲಿದ್ದದ್ದನ್ನು ನುಂಗುತ್ತಾ, ಅದನ್ನು ಅದರ ನಂತರದ್ದು ನುಂಗುತ್ತಾ, ಕೊನೆಯದೊಂದು ಮಾತ್ರ ಹೊಟ್ಟೆ ತುಂಬಿ ಕುಳಿತಿತ್ತು.

ಕನ್ನಡಕಪ್ಪ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಟ್ಯಾಬಿನ ಮುಖ ನೋಡಿದರು.

"ಗಾಡೀದೇ ತೊಂದರೆ," ಎಂದರು ಮೇಷ್ಟ್ರು. ಆಮೇಲೆ ತಾವೇ ಅದನ್ನು ಕಸಿದುಕೊಂಡು ಎಲ್ಲೆಲ್ಲೋ ಕುಟ್ಟಿ, ಕಿಟಕಿ ಅದುರುವಂತೆ ಕೂಗಿದರು. "ಅಲ್ರೀ, ಈ ನಿಮ್ಮ ಜಿಪ್ ಬಿಚ್ಕೊಳ್ತಾನೇ ಇಲ್ವಲ್ರೀ!"

ಎದುರುಮನೆಯ ಬಾಗಿಲು ತೆರೆಯಿತು. ಹೊಲಿಗೆಯಮ್ಮ ಕೈಯಲ್ಲಿ ಒಂದು ಮೋಂಬತ್ತಿ ತುಂಡು ಹಿಡಿದು ಒಳಗೆ ಬಂದೇಬಿಟ್ಟರು.

"ಯಾರದ್ದು? ಹಲ್ಲು ಕಚ್ಕೊಂಡಿದೆಯಾ? ಎಳೀಬೇಡಿ, ಕಿತ್ತು ಬರುತ್ತೆ. ಸ್ವಲ್ಪ ಮೇಣ ಉಜ್ಜಿದ್ರೆ ಸರ್ರಂತ ಇಳಿಯುತ್ತೆ," ಎನ್ನುತ್ತ ಅವರು ಕನ್ನಡಕಪ್ಪನ ಪ್ಯಾಂಟಿನ ಕಡೆ ಕಣ್ಣು ಹಾಯಿಸಿದರು. ಕನ್ನಡಕಪ್ಪ ಗಾಬರಿಯಿಂದ ಟ್ಯಾಬನ್ನು ತೊಡೆಯ ಮೇಲೆ ಮುಚ್ಚಿಕೊಂಡ.

ವಿಷಯ ತಿಳಿದ ಮೇಲೂ ಹೊಲಿಗೆಯಮ್ಮ ಹೋಗಲಿಲ್ಲ. "ಅಯ್ಯೋ, ಒಂದೊಂದೇ ಯಾಕೆ ಕಳಿಸ್ತೀರಾ? ಗುಂಡಿ ಆದ್ರೆ ಒಂದೊಂದು ಹಾಕಬೇಕು. ಎಲ್ಲಾನೂ ಒಟ್ಟಿಗೆ ಗುರುತು ಮಾಡಿ ಒಂದೇ ಸಲ ದಬ್ಬಿ," ಎಂದರು.

ಮಾತಿನಲ್ಲಿ ಅರ್ಥವಿತ್ತು. ಕನ್ನಡಕಪ್ಪ ಎಲ್ಲವನ್ನೂ ಗುರುತು ಮಾಡಿ ಬಾಣವನ್ನು ಮುಟ್ಟಿದ. ಪಟ್ಟಿ ಬಂತು. ಕತೆಯ ಆ್ಯಪಿನ ಮೇಲೆ ಬೆರಳಿಡುವುದಕ್ಕೂ, ಪಟ್ಟಿ ತಾನಾಗಿ ಒಂದು ಸಾಲು ಮೇಲಕ್ಕೆ ಜಿಗಿಯುವುದಕ್ಕೂ ಸರಿಹೋಯಿತು. ಬೆರಳು ಬಿದ್ದದ್ದು ಕಟ್ಟಡದ ನಿವಾಸಿಗಳ ಗುಂಪಿನ ಮೇಲೆ. ಅತ್ತೆಯೂ ಆ ಗುಂಪಿಗೆ ಸೇರಿದ್ದು ನೀರು ಯಾವಾಗ ಬರುತ್ತದೆಂದು ತಿಳಿಯಲು.

ಮೊದಲು ಮೇಷ್ಟ್ರ ಜೇಬು 'ಟಿಂಗ್' ಎಂದಿತು. ಆಮೇಲೆ ಹೊಲಿಗೆಯಮ್ಮನ ಸೊಂಟ. ಆಮೇಲೆ ಮೇಲೆ, ಕೆಳಗೆ, ಪಕ್ಕದಲ್ಲಿ, ಇಡೀ ಕಟ್ಟಡ ಟಿಂಗ್ ಟಿಂಗ್ ಟಿಂಗ್ ಎಂದು ಪಾತ್ರೆ ಅಂಗಡಿಗೆ ಕೋತಿ ನುಗ್ಗಿದ ಹಾಗೆ ಸದ್ದು ಮಾಡತೊಡಗಿತು. ಬಾಗಿಲುಗಳು ತೆರೆದವು. "ಏನ್ರೀ ಇದು ಗಂಟುಗಟ್ಟಲೆ?" "ಮುಟ್ಟಬೇಡಿ, ವೈರಸ್ಸು!" "ಏ, ಇದು ಕತೆ ಕಣ್ರೀ, ಕೇಳ್ರಿ!"

ಸ್ವಲ್ಪ ಹೊತ್ತಿಗೆ ಒಂದೊಂದು ಮನೆಯಿಂದಲೂ ಒಂದೊಂದು ಭಾಗ ಕೇಳತೊಡಗಿತು. ಕೆಳಗಿನ ಮನೆಯಲ್ಲಿ ಅಲೆಗಳು ಬಂಡೆಗೆ ಬಡಿಯುತ್ತಿದ್ದವು. ಪಕ್ಕದಲ್ಲಿ ಹೆಣ ಇನ್ನೂ ಬೆಚ್ಚಗಿತ್ತು. ಕನ್ನಡಕಪ್ಪ ತಲೆಯ ಮೇಲೆ ಕೈ ಹೊತ್ತು ಕೇಳುತ್ತಿದ್ದಂತೆ, ಮೇಲಿನ ಮಹಡಿಯಿಂದ ಗಂಭೀರವಾದ ಗಂಡು ದನಿಯೊಂದು ಮೆಟ್ಟಿಲಿಳಿದು ಬಂತು.

"ಮಹನೀಯರೇ, ಇನ್ನು ಮುಚ್ಚಿಟ್ಟು ಫಲವಿಲ್ಲ. ಆ ರಾತ್ರಿ ದೀಪವನ್ನು ಆರಿಸಿದ ಕೈ, ಕತ್ತಿಯನ್ನು ಹಿಡಿದ ಕೈ, ಎರಡೂ ಒಂದೇ. ಅದು ಯಾರ ಕೈ ಎಂದರೆ…"

ಕೊನೆಯ ಭಾಗ! ಅತ್ತೆಯ ಕೋಣೆಯ ಬಾಗಿಲು ಅರ್ಧ ತೆರೆದೇ ಇತ್ತು.

"ಮಿಕ್ಸಿ! ಮಿಕ್ಸಿ ಹಾಕೇ!" ಎಂದು ಹೆಂಡತಿಗೆ ಕಿರುಚಿ ಕನ್ನಡಕಪ್ಪ ಮೆಟ್ಟಿಲ ಕಡೆ ಓಡಿದ. ಹೆಂಡತಿ ಖಾಲಿ ಮಿಕ್ಸಿಯನ್ನೇ ಗರ್ರನೆ ತಿರುಗಿಸಿದಳು. "ತಿರುವಿನಲ್ಲಿ ಹಾರ್ನ್ ಮಾಡ್ರೀ!" ಎಂದು ಮೇಷ್ಟ್ರು ಹಿಂದಿನಿಂದ ಕೂಗಿದರು. ಮೊದಲ ತಿರುವಿನಲ್ಲೇ ಅವನ ಒಂದು ಚಪ್ಪಲಿ ಕಳಚಿ ಬಿತ್ತು. ಮೇಲೆ, ಮೇಷ್ಟ್ರ ಪಕ್ಕದ ಮನೆಯ ಯಜಮಾನರು ಮಾತಾಡುವ ಮುಂಚೆಯೇ ಅವರ ಕೈಯ ಫೋನನ್ನು ಕಿತ್ತು ದಿಂಬಿನ ಕೆಳಗೆ ಅದುಮಿ, ಅದರ ಮೇಲೆ ತಾನೇ ಕುಳಿತ.

"ಏನಯ್ಯಾ ಇದು?"

"ಕ್ಷಮಿಸಿ. ನಮ್ಮತ್ತೆಗೆ ಇನ್ನೂ ಗೊತ್ತಾಗಬಾರದು."

ಯಜಮಾನರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಆ ಮಾತು ಅವರಿಗೆ ಹೇಗೆ ಕೇಳಿಸಿತೋ, ಅವತ್ತಿನಿಂದ ಅವರು ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಾರೆ.

ಕೆಳಗೆ ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಖಾಲಿ ಮಿಕ್ಸಿ ಯಾಕಮ್ಮಾ ತಿರುಗಿಸ್ತಿದ್ದೀಯ? ತಲೆ ಸಿಡೀತಿದೆ," ಎಂದರು. ಸದ್ಯ, ಏನೂ ಕೇಳಿಸಿರಲಿಲ್ಲ. ಕನ್ನಡಕಪ್ಪನಿಗೆ ಹೋದ ಜೀವ ಬಂತು.

ಮೇಷ್ಟ್ರನ್ನೂ ಹೊಲಿಗೆಯಮ್ಮನನ್ನೂ ಹೆಂಡತಿ ಚಹಾ ಕೊಟ್ಟು ಕೂರಿಸಿಕೊಂಡಳು. ಆ ಸಮಯ ನೋಡಿ ಅವನು ಟ್ಯಾಬಿನ ಸಮೇತ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡ. ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತು, ಅಂಗಡಿಯಲ್ಲಿ ಗಾಜಿನ ಗೀರು ಹುಡುಕುವ ತಾಳ್ಮೆಯಿಂದ ಕತೆಯ ಆ್ಯಪಿನ ಒಂದೊಂದು ಗುರುತನ್ನೂ ಮುಟ್ಟಿ ಓದಿದ. ಮೂಲೆಯಲ್ಲಿ 'ಒಳಗೆ ತರು' ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಪ್ರತಿಯೊಂದನ್ನೂ ಬೇರೆ ಬೇರೆ ಫೋಲ್ಡರಿನಲ್ಲಿ ಬಿಚ್ಚು' ಎಂದು ಒಂದು ಚೌಕ. ಗಂಟುಗಳನ್ನೆಲ್ಲ ಈಮೇಲಿನಿಂದ ಟ್ಯಾಬಿನಲ್ಲಿ ಒಂದು ಕಡೆ ಇಳಿಸಿದ. ಆಮೇಲೆ ಆ್ಯಪಿನೊಳಗಿಂದಲೇ ಎಲ್ಲವನ್ನೂ ಆರಿಸಿ, ಚೌಕದಲ್ಲಿ ಗುರುತು ಹಾಕಿ, ಕಣ್ಣು ಮುಚ್ಚಿ ಒತ್ತಿದ.

ಕಣ್ಣು ತೆರೆದರೆ ಮೊದಲಿಂದ ಕೊನೆಯವರೆಗೂ ಎಲ್ಲ ಭಾಗಗಳೂ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಕನ್ನಡಕಪ್ಪ ಬಚ್ಚಲುಮನೆಯಲ್ಲೇ ಎರಡು ಹೆಜ್ಜೆ ಕುಣಿದ.

ಸಂಜೆ ಷಡ್ಡಕ ಕಾರು ತಂದ. ಅತ್ತೆಯ ಗಂಟುಮೂಟೆಗಳನ್ನೆಲ್ಲ ಕನ್ನಡಕಪ್ಪ ಒಬ್ಬನೇ ಕೆಳಗಿಳಿಸಿದ. ಒಂದೂ ಭಾರ ಎನಿಸಲಿಲ್ಲ. ಅತ್ತೆ ಕಾರಿನ ಬಾಗಿಲ ಬಳಿ ನಿಂತು ಭಾಗಗಳನ್ನು ಅಲ್ಲೊಂದು ಇಲ್ಲೊಂದು ತೆರೆದು ಕೇಳಿ, ಕೊನೆಯದನ್ನು ಮಾತ್ರ ಮುಟ್ಟದೆ, ತಲೆದೂಗಿದರು.

"ಭೇಷ್. ನೂರಕ್ಕೆ ನೂರು ಅಳಿಯಂದಿರೇ. ಎಲ್ಲಾ ಒಂದೇ ಸಲಕ್ಕೆ ಬಂತಾ?"

"ಒಂದೇ ಸಲಕ್ಕೆ ಅತ್ತೆ! ಬಹಳ ಸುಲಭ," ಎಂದ ಕನ್ನಡಕಪ್ಪ. ಹೊಗಳಿಕೆ ಕೇಳಿ ಎಷ್ಟು ದಿನವಾಗಿತ್ತೋ.

ಅತ್ತೆ ದೊಡ್ಡ ಅಳಿಯನ ಕಡೆ ತಿರುಗಿದರು. "ಮುಂದಿನ ವಾರದಿಂದ ಬಳಗದವರು ಹೊಸ ಕಾದಂಬರಿ ಶುರು ಮಾಡ್ತಾರಂತೆ. ಇದಕ್ಕಿಂತ ಎರಡರಷ್ಟು ದೊಡ್ಡದು. ಗಂಟು ಬರ್ತಾನೇ ಇರುತ್ತೆ. ನಿಮಗೆ ಬಿಚ್ಚಕ್ಕೆ ಬರುತ್ತಾ?"

ಷಡ್ಡಕ ಎರಡೂ ಕೈ ಎತ್ತಿದ. "ಅಯ್ಯೋ, ನನ್ನನ್ನ ಕೇಳ್ತೀರಲ್ಲ ಅತ್ತೆ! ಫೋನು ಬಂದ್ರೆ ಎತ್ತೋದು, ಆದ್ಮೇಲೆ ಇಡೋದು. ಅದರಾಚೆಗೆ ನಾನು ಹೆಬ್ಬೆಟ್ಟು."

ಅತ್ತೆ ಕಾರನ್ನು ನೋಡಿದರು, ಟ್ಯಾಬನ್ನು ನೋಡಿದರು, ಕಿರಿಯ ಅಳಿಯನನ್ನು ಅಭಿಮಾನದಿಂದ ನೋಡಿದರು.

"ಗೊತ್ತಿರೋರ ಹತ್ತಿರ ಇರೋದೇ ವಾಸಿ. ಅಳಿಯಂದಿರೇ, ಸಾಮಾನು ಮೇಲಕ್ಕೆ ತಗೊಂಡ್ಬನ್ನಿ," ಎಂದು ಕೋಲೂರಿಕೊಂಡು ಮೆಟ್ಟಿಲ ಕಡೆ ಹೊರಟರು. ಮಂಡಿ ಆಶ್ಚರ್ಯವಾಗುವಷ್ಟು ಚೆನ್ನಾಗಿ ಮಡಚುತ್ತಿತ್ತು.

ಕನ್ನಡಕಪ್ಪ ಡಿಕ್ಕಿಯ ಮುಂದೆ ಕಂಬದಂತೆ ನಿಂತ. ಷಡ್ಡಕ ಅವನ ಹೆಗಲ ಮೇಲೆ ಕೈಯಿಟ್ಟು, "ಏನ್ಮಾಡೋದು ತಮ್ಮಾ, ಋಣಾನುಬಂಧ," ಎಂದು ನಿಟ್ಟುಸಿರು ಬಿಡುತ್ತಿದ್ದಾಗ ಅವನ ಫೋನು ಬಡಿದುಕೊಂಡಿತು. ಆಫೀಸಿನಿಂದ. ಷಡ್ಡಕ ಎರಡು ಹೆಜ್ಜೆ ಆಚೆ ಸರಿದು, ದನಿ ತಗ್ಗಿಸಿದ.

"ಹಲೋ… ಆ ಜಿಪ್ಪುಗಳು ಬಂತಾ? ಒಂದೊಂದೇ ಕಳಿಸ್ತಾ ಕೂರಬೇಡಯ್ಯ, ಹೆಬ್ಬೆರಳು ಹೋಗುತ್ತೆ. ಮೊದಲು ಎಲ್ಲಾನೂ ಟ್ಯಾಬಲ್ಲಿ ಇಳಿಸ್ಕೋ. ಆಮೇಲೆ ಆ್ಯಪೊಳಗಿಂದಾನೇ ತಗೋ… ಹೂಂ, ಆ ಸಣ್ಣ ಚೌಕಕ್ಕೆ ಟಿಕ್ ಹಾಕೋದು ಮರೀಬೇಡ. ಇಲ್ದಿದ್ರೆ ಒಂದನ್ನೊಂದು ನುಂಗಿಬಿಡುತ್ತೆ."

ಫೋನಿಟ್ಟು ತಿರುಗಿದರೆ ಕನ್ನಡಕಪ್ಪ ಕೈಯಲ್ಲೊಂದು ಚೀಲ ಹಿಡಿದು ಅವನನ್ನೇ ನೋಡುತ್ತಿದ್ದ.

"ಅಣ್ಣಾ… ನಿಮಗೆ ಬರುತ್ತೆ?"

ಷಡ್ಡಕ ಮೆಟ್ಟಿಲ ಕಡೆ ಒಮ್ಮೆ ನೋಡಿಕೊಂಡ. ಆಮೇಲೆ ಕಾರಿನೊಳಗೆ ಕೂತು, ಬೆಲ್ಟು ಹಾಕಿಕೊಂಡು, ಗಾಜನ್ನು ಅರ್ಧ ಇಳಿಸಿದ.

"ಆರು ವರ್ಷದಿಂದ ಬರುತ್ತೆ ತಮ್ಮಾ. ನೀನೂ ಅಷ್ಟೇ, ಟ್ಯಾಬು ವಾಪಸ್ ಕೊಟ್ಟು 'ಇದು ನನ್ನ ಕೈಲಿ ಆಗಲ್ಲ' ಅಂದಿದ್ರೆ, ಅವರು ಒಂದು ಗಂಟೆ ಬೇಜಾರು ಮಾಡ್ಕೊಂಡು ಕಾರು ಹತ್ತಿಬಿಡ್ತಿದ್ರು."

ಕಾರು ತಿರುವು ದಾಟಿ ಹೋಯಿತು. ಮೇಲಿನಿಂದ ಅತ್ತೆಯ ದನಿ ಕೇಳಿಸಿತು. "ಅಳಿಯಂದಿರೇ, ಬೇಗ ಬನ್ನಿ! ಎಲ್ಲರೂ ಒಟ್ಟಿಗೆ ಕೂತು ಕೇಳೋಣ. ಸೋಫಾದಲ್ಲಿ ನಿಮಗೂ ಜಾಗ ಇಟ್ಟಿದೀನಿ."